ಜನವರಿ ಇಪ್ಪತ್ತೊಂದರ ಸೂರ್ಯ

ಒಂಬತ್ತನೆಯ ಕಂತು

“ಸತ್ತವರು ಬರೆಯಲ್ಲ, ಪೋಲೀಸಪ್ಪ,” ಎಂದ ಹಾರ್ಟ್‌ವಿಗ್ ನ್ಯೂಮೊ. “ಕಾಫಿ ಕುಡಿ. ಆರಿ ಹೋಗ್ತಿದೆ.”

ನಾನು ಕಾಫಿ ಮುಟ್ಟಲಿಲ್ಲ. ಕಂಕುಳಲ್ಲಿದ್ದ ದಪ್ಪ ಪುಸ್ತಕವನ್ನು ಅವನ ಅಡುಗೆಮನೆಯ ಮೇಜಿನ ಮೇಲಿಟ್ಟೆ. ಐವತ್ತು ವರ್ಷಗಳ ಹಿಂದೆ ‘ತೆರ್ನಾ’ ಹಡಗು ಉತ್ತರ ಧ್ರುವದ ಸಮೀಪದ ಹಿಮದ್ವೀಪ ಸ್ಪಿಟ್ಸ್‌ಬರ್ಗನ್ನಿನಲ್ಲಿ ಒಂದಿಡೀ ಚಳಿಗಾಲ ಕಳೆದಾಗ ಬರೆದ ಹವಾಮಾನದ ಪುಸ್ತಕ ಅದು. ಬರೆದವನು ಯೋರ್ಗೆನ್ ಕ್ವಾಲೆ. ಹಡಗಿನ ಕಪ್ತಾನ ನನ್ನೆದುರು ಕೂತಿದ್ದ ಈ ನ್ಯೂಮೊ. ಹೋದ ಐವರಲ್ಲಿ ಇವತ್ತು ಉಳಿದಿರುವವನು ಇವನೊಬ್ಬನೇ, ವಯಸ್ಸು ಎಂಬತ್ತು.

ನನ್ನ ತಲೆ ಕೆಡಿಸಿದ್ದ ಒಗಟು ಇಷ್ಟೆ. ದಾಖಲೆಯ ಪ್ರಕಾರ ಕ್ವಾಲೆ ಸತ್ತದ್ದು 1883ರ ಮಾರ್ಚ್ ಒಂದರಂದು. ಹೋದ ಬೇಸಿಗೆಯಲ್ಲಿ ಸೀಲ್ ಬೇಟೆಯವರು ಹೊತ್ತು ತಂದ ಅವನ ಸಮಾಧಿಯ ಮರದ ಶಿಲುಬೆಯ ಮೇಲೆ ಕೊರೆದದ್ದು ಜನವರಿ ಮೂರು. ಪುಸ್ತಕದಲ್ಲೋ, ಅದೇ ಕ್ವಾಲೆಯ ಅಕ್ಷರ ಫೆಬ್ರವರಿ ಇಪ್ಪತ್ತೆಂಟರವರೆಗೂ ಒಂದು ದಿನ ತಪ್ಪದೆ ಓಡುತ್ತದೆ.

ರಾತ್ರಿಯೆಲ್ಲ ಆ ಪುಟಗಳನ್ನು ತಿರುವಿ ಹಾಕಿದವನು ನಾನು. ಗಾಳಿ ಇಷ್ಟು, ಚಳಿ ಇಷ್ಟು, ಮೋಡ ಇಷ್ಟು. ಅಂಕಿಗಳು ಅಷ್ಟು ನೆಮ್ಮದಿಯಾಗಿ ಸಾಲಾಗಿ ನಿಂತಿದ್ದವು. ಅವನ್ನು ಬರೆದ ಬೆರಳು ಆಗಲೇ ಕಲ್ಲಿನ ಕೆಳಗಿತ್ತು ಎಂದು ನೆನೆದಾಗ ನನಗೆ ಭಯವಾಯಿತು. ಹೇಳಿಕೊಳ್ಳಲು ನಾಚಿಕೆ ಏನಿಲ್ಲ.

“ಸತ್ತವರು ಬರೆಯಲ್ಲ ಅಂತ ನನಗೂ ಗೊತ್ತು, ಕಪ್ತಾನರೇ. ಅದಕ್ಕೇ ಕೇಳ್ತಿರೋದು. ಯಾವ ದಿನ ಸತ್ತ?”

“ಐವತ್ತು ವರ್ಷದಿಂದ ಹೇಳ್ತಾ ಇದೀನಿ.”

“ಶಿಲುಬೆ ಬೇರೆ ಹೇಳ್ತಿದೆ. ಅದನ್ನ ಕೊರೆದಿದ್ದು ಯಾರು?”

ಮುದುಕ ತನ್ನ ಕೈಗಳನ್ನು ನೋಡಿಕೊಂಡ. ಎಡಗೈಯಲ್ಲಿ ಎರಡು ಬೆರಳಿಲ್ಲ. ಹಿಮಕ್ಕೆ ಕೊಟ್ಟು ಬಂದದ್ದು ಎಂದು ನಮ್ಮೂರು ಟ್ರೊಮ್ಸೊದ ಶಾಲೆಗಳಲ್ಲಿ ಮೇಷ್ಟ್ರುಗಳು ಹೆಮ್ಮೆಯಿಂದ ಹೇಳುತ್ತಾರೆ.

“ನಾನೇ,” ಎಂದ.

ಅಡುಗೆಮನೆಯಲ್ಲಿ ಒಂದೇ ಒಂದು ದೀಪ, ಅದೂ ಒಲೆಯ ಹಿಂದಿನ ಮೂಲೆಯಲ್ಲಿ. ಬೆಳಗಿನ ಹತ್ತೂವರೆ. ಹೊರಗಿನ್ನೂ ನೀಲಿ ಮಬ್ಬು. ಎರಡು ತಿಂಗಳ ಕತ್ತಲಲ್ಲಿ ನಮ್ಮೂರಿನ ಪ್ರತಿ ಮನೆಯ ಕಿಟಕಿಯಲ್ಲೂ ದೀಪ ಉರಿಯುತ್ತದೆ. ಬಡವರ ಮನೆಯಲ್ಲೂ ಒಂದು ಮೇಣದ ಬತ್ತಿಯಾದರೂ ಇರುತ್ತದೆ. ನ್ಯೂಮೊನ ಮನೆಯ ಕಿಟಕಿಗಳಿಗೆ ಮಾತ್ರ ದಪ್ಪ ಪರದೆ. ನೀರಿನ ಕಡೆಯ ಕಿಟಕಿಗಂತೂ ಹಲಗೆ ಹೊಡೆಸಿದ್ದ.

“ಇದೇನು, ಗೂಬೆ ಹಾಗೆ ಬದುಕ್ತೀರಲ್ಲ?” ಎಂದು ಬಂದೊಡನೆ ರೇಗಿಸಿದ್ದೆ.

“ನೀರಿನಾಚೆ ದೀಪ ಕಂಡ್ರೆ ನಂಗೆ ನಿದ್ದೆ ಬರಲ್ಲ,” ಎಂದಿದ್ದ. ಮುದುಕರ ಹುಚ್ಚು ಅಂದುಕೊಂಡೆ.

ಈಗ ಅವನು ಕುರ್ಚಿಯನ್ನು ಒಲೆಯ ಹತ್ತಿರ ಎಳೆದುಕೊಂಡ. “ಸರಿ, ಕೇಳು. ಶಿಲುಬೆ ಹೇಳಿದ್ದೇ ನಿಜ. ಬಾಯಿ ಹುಣ್ಣಾಗೋ ಕಾಯಿಲೆ ಬಂದಿತ್ತು ಅವನಿಗೆ. ಹಲ್ಲೆಲ್ಲ ಅಲ್ಲಾಡ್ತಿತ್ತು. ಆದ್ರೂ ಗಂಟೆಗೊಂದ್ಸಲ ಹೊರಗೆ ಹೋಗಿ ಉಷ್ಣಮಾಪಕ ನೋಡ್ಕೊಂಡು ಬರ್ತಿದ್ದ, ಹುಚ್ಚು ನನ್ಮಗ. ಮೂರನೇ ತಾರೀಖು ಬೆಳಗ್ಗೆ ಮೈ ತಣ್ಣಗಾಗಿತ್ತು. ಕಲ್ಲು ಪೇರಿಸಿದ್ವಿ. ಶಿಲುಬೆ ನೆಟ್ವಿ. ಆಮೇಲೆ ಆ ಗುಡಿಸಲಲ್ಲಿ ಇರೋಕೆ ಯಾರಿಗೂ ಮನಸ್ಸು ಬರ್ಲಿಲ್ಲ. ನಾಲ್ಕೂ ಜನ ಹಡಗಿಗೆ ಹೋದ್ವಿ. ಕೊಲ್ಲಿಯ ಆಚೆ ದಡದಲ್ಲಿ ಹಿಮ ಕಚ್ಕೊಂಡು ನಿಂತಿತ್ತು ಹಡಗು. ಹೆಪ್ಪುಗಟ್ಟಿದ ನೀರಿನ ಮೇಲೆ ನಡೆದ್ರೆ ಒಂದು ಗಂಟೆ ದಾರಿ.”

“ಪುಸ್ತಕ?”

“ಅಲ್ಲೇ ಬಿಟ್ವಿ. ಸತ್ತವನ ಪುಸ್ತಕ, ಯಾರು ಮುಟ್ತಾರೆ? ಮೇ ತಿಂಗಳಲ್ಲಿ ಹೊರಡುವಾಗ ಹೋಗಿ ತಂದೆ.”

“ಜನವರಿ ಮೂರರ ಆಚೆ ಪುಟಗಳು ಖಾಲಿ ಇದ್ವಾ?”

ಅವನು ಒಲೆಗೆ ಒಂದು ಕೊರಡು ತುಂಬಿದ. ತುಂಬುವ ಅಗತ್ಯವೇನೂ ಇರಲಿಲ್ಲ.

“ಖಾಲಿ ಇದ್ವು.”

ನಾನು ಪುಸ್ತಕ ತೆರೆದು ಅವನ ಕಡೆ ತಿರುಗಿಸಿದೆ. ನನ್ನನ್ನು ಕಾಡುತ್ತಿದ್ದ ಇನ್ನೊಂದು ವಿಷಯ ಅಲ್ಲಿತ್ತು. ಜನವರಿ ಮೂರರವರೆಗೆ ಎಲ್ಲವೂ ಶಾಯಿಯಲ್ಲಿದೆ. ನಾಲ್ಕರಿಂದ ಹತ್ತೊಂಬತ್ತರವರೆಗೆ, ಹದಿನಾರು ದಿನ, ಪೆನ್ಸಿಲ್. ಇಪ್ಪತ್ತರಿಂದ ಮತ್ತೆ ಶಾಯಿ.

“ನಿಮ್ಮಲ್ಲಿ ಪೆನ್ಸಿಲ್ ಯಾವಾಗ ಬಳಸ್ತಿದ್ರು?”

“ಹೊರಗೆ. ಹೊರಗಿನ ಚಳಿಗೆ ಶಾಯಿ ಗಡ್ಡೆ ಕಟ್ಟುತ್ತೆ. ಹೊರಗೆ ಚೀಟಿಯಲ್ಲಿ ಪೆನ್ಸಿಲ್ಲಿಂದ ಗುರುತು ಹಾಕ್ಕೊಂಡು ಬರ್ತಿದ್ದ. ಒಳಗೆ ಒಲೆ ಪಕ್ಕ ದೌತಿ ಇಟ್ಕೊಂಡು ಪುಸ್ತಕಕ್ಕೆ ಶಾಯಿಯಲ್ಲಿ ಏರಿಸ್ತಿದ್ದ. ಪುಸ್ತಕದಲ್ಲಿ ಪೆನ್ಸಿಲ್ ತಾಗಿಸಿದ್ರೆ ಜಗಳಕ್ಕೇ ಬರ್ತಿದ್ದ.”

“ಹಾಗಾದ್ರೆ ಈ ಹದಿನಾರು ದಿನ ಯಾಕೆ ಪೆನ್ಸಿಲ್?”

ಅವನು ಪುಸ್ತಕವನ್ನು ನನ್ನ ಕಡೆಗೇ ತಳ್ಳಿದ. “ಬರೆದ ಕಳ್ಳಂಗೆ ಅವತ್ತು ಶಾಯಿ ಸಿಕ್ಕಿರ್ಲಿಲ್ವೇನೋ,” ಎಂದು ನಕ್ಕ.

ನಾನೂ ನಕ್ಕೆ, ಆ ಮಾತನ್ನು ಅಲ್ಲಿಗೇ ಬಿಟ್ಟೆ. ಮೂವತ್ತು ವರ್ಷ ಪೋಲೀಸಿನಲ್ಲಿ ಬೂಟು ಸವೆಸಿದವನು ಬಿಡಬಾರದಿತ್ತು. ನಿವೃತ್ತಿಯಾದ ಮೇಲೆ ಬುದ್ಧಿಗೂ ಪಿಂಚಣಿ ಸಿಕ್ಕಿರಬೇಕು.

ಅಷ್ಟರಲ್ಲಿ ಬೀದಿಯಲ್ಲಿ ಗದ್ದಲ. ಮಕ್ಕಳು ತಪ್ಪಲೆ ಬಡಿಯುತ್ತ ಗುಡ್ಡದ ಕಡೆ ಓಡುತ್ತಿದ್ದರು. ಇವತ್ತು ಶನಿವಾರ, ಜನವರಿ ಇಪ್ಪತ್ತೊಂದು. ಸೂರ್ಯನ ದಿನ. ಎರಡು ತಿಂಗಳು ಮುಖ ತೋರಿಸದ ಸೂರ್ಯ ಇವತ್ತು ಮಧ್ಯಾಹ್ನ ದಕ್ಷಿಣದ ಬೆಟ್ಟಗಳ ನಡುವಿನಿಂದ ನಾಲ್ಕು ನಿಮಿಷ ಇಣುಕಿ ನೋಡಿ ಹೋಗುತ್ತಾನೆ. ಶಾಲೆಗೆ ರಜೆ, ಬೇಕರಿಗಳ ಮುಂದೆ ಬನ್ನಿಗಾಗಿ ಸಾಲು.

“ಬಂದ, ಬಂದ!” ಎಂದು ಯಾವುದೋ ಹುಡುಗಿ ಕಿರುಚಿದಳು. ಇನ್ನೂ ಗಂಟೆಗೂ ಹೆಚ್ಚು ಹೊತ್ತು ಬಾಕಿಯಿತ್ತು.

ಯಾಕೋ ಗೊತ್ತಿಲ್ಲ, ನನ್ನ ಬೆರಳು ತಾನಾಗಿ ಪುಟ ಮಗುಚಿತು. ಆ ವರ್ಷ ಇದೇ ದಿನ ಸತ್ತವನು ಏನು ಬರೆದಿದ್ದಾನೆ? ಅಂಕಿಗಳನ್ನೆಲ್ಲ ರಾತ್ರಿ ನೋಡಿದ್ದೆ. ಅಂಚಿನ ಷರಾ ಮಾತ್ರ ಓದಿರಲಿಲ್ಲ. ಅಚ್ಚಾದ ವರದಿಯಲ್ಲಿ ಷರಾಗಳನ್ನು ಬಿಟ್ಟು ಅಂಕಿ ಮಾತ್ರ ಹಾಕಿದ್ದರು. ಐವತ್ತು ವರ್ಷದಲ್ಲಿ ಆ ಅಂಚನ್ನು ಯಾರೂ ಓದಿರಲಿಕ್ಕಿಲ್ಲ.

ಗಟ್ಟಿಯಾಗಿ ಓದಿದೆ. “ಹನ್ನೆರಡು ಗಂಟೆ. ಆಕಾಶ ಶುಭ್ರ. ಸೂರ್ಯ ಕಂಡ. ದೇವರಿಗೆ ಸ್ತೋತ್ರ.”

ನ್ಯೂಮೊ ಹೋ ಎಂದು ನಕ್ಕುಬಿಟ್ಟ. ನಗುತ್ತಲೇ ತಡೆದು ನಿಂತ.

“ಎಲ್ಲಿ?” ಎಂದ. “ಅಲ್ಲೇನಾ? ಜನವರಿ ತಿಂಗಳಲ್ಲಿ?”

“ಅಲ್ಲೇ. ನಿಮ್ಮ ಗುಡಿಸಲಲ್ಲಿ.”

“ಏ, ಅದು ಉತ್ತರಕ್ಕೆ ಎಪ್ಪತ್ತೊಂಬತ್ತನೇ ಅಕ್ಷಾಂಶ ಕಣಯ್ಯಾ! ಅಲ್ಲಿ ಫೆಬ್ರವರಿ ಮೂರನೇ ವಾರದವರೆಗೆ ಸೂರ್ಯ ಅನ್ನೋ ಹೆಸರೂ ಇರಲ್ಲ. ಮಧ್ಯಾಹ್ನವೇ ನಕ್ಷತ್ರ ಎಣಿಸ್ಬೋದು. ನಾಲ್ಕು ಚಳಿಗಾಲ ಕಳೆದಿದೀನಿ ಅಲ್ಲಿ. ಇದನ್ನ ಯಾವನೋ...”

ಮಾತು ಅರ್ಧಕ್ಕೇ ನಿಂತಿತು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

ಇದನ್ನು ಬರೆದವರು ಉತ್ತರಕ್ಕೆ ಹೋದವರೇ ಅಲ್ಲ. ಹೋದವರು ಯಾರೂ ಈ ತಪ್ಪು ಮಾಡುವುದಿಲ್ಲ. ದಕ್ಷಿಣದ ಊರಿನವರೂ ಮಾಡುವುದಿಲ್ಲ, ಅವರಿಗೆ ಜನವರಿ ಇಪ್ಪತ್ತೊಂದು ಬರೀ ಒಂದು ತಾರೀಖು. ಜನವರಿ ಇಪ್ಪತ್ತೊಂದು ಎಂದೊಡನೆ ಕೈ ತಾನಾಗಿ ‘ಸೂರ್ಯ ಕಂಡ’ ಎಂದು ಬರೆಯುವುದು ಒಂದೇ ಊರಿನವರಿಗೆ. ಹುಟ್ಟಿದಂದಿನಿಂದ ಆ ದಿನ ಬನ್ನು ತಿಂದು ಬೆಳೆದ ಟ್ರೊಮ್ಸೊದವರಿಗೆ.

“ಯಾರು?” ಎಂದೆ.

“ಮಾತು ಕೊಟ್ಟಿದೀನಿ.”

“ಸೋಮವಾರ ಓಸ್ಲೋದ ವಿಜ್ಞಾನಿ ಈ ಪುಸ್ತಕಕ್ಕೆ ಕೆಂಪು ಗೆರೆ ಎಳೀತಾರೆ, ಕಪ್ತಾನರೇ. ಈ ವರ್ಷ ಹತ್ತಾರು ದೇಶದವರು ಅಲ್ಲೆಲ್ಲ ಮತ್ತೆ ಅಳತೆ ತಗೋತಿದಾರೆ, ಅವತ್ತಿನ ಚಳಿ ಜೊತೆ ಹೋಲಿಸೋಕೆ. ಕೆಲವು ಪುಟ ಸುಳ್ಳು, ಯಾವುದು ಅಂತ ಗೊತ್ತಿಲ್ಲ ಅಂದ್ರೆ ಇಡೀ ಪುಸ್ತಕ ಕಸ. ಕ್ವಾಲೆ ಪ್ರಾಣ ಕೊಟ್ಟು ಬರೆದಿದ್ದೂ ಕಸ. ಅವನು ಸುಳ್ಳುಗಾರ. ಅಪ್ಪನ ಹೆಸರು ಉಳಿಸಿ ಅಂತ ನನ್ನನ್ನ ಕೇಳ್ಕೊಂಡ ಅವನ ಮಗಳು ಬೋರ್ಗಿಲ್ಡ್ ಮುಖ ನೋಡಿ ಆದ್ರೂ ಹೇಳಿ.”

ಅವನ ಕಣ್ಣಲ್ಲಿ ನೀರು ಬಂತು. “ಅವಳ ಮುಖ ನೋಡಿಯೇ ಹೇಳ್ತಾ ಇಲ್ಲ, ಪೋಲೀಸಪ್ಪ. ನಾನು ಬರೆದಿಲ್ಲ. ಪುಸ್ತಕ ಕೊಟ್ಟೆ, ತುಂಬಿ ವಾಪಸ್ ಬಂತು. ಫೆಬ್ರವರಿ ಕೊನೇವರೆಗೂ ತುಂಬಿದ್ರಿಂದ ಸತ್ತ ದಿನ ಮಾರ್ಚ್ ಒಂದು ಅಂದೆ. ಅಷ್ಟೇ ನಾನು ಮಾಡಿದ ಪಾಪ.”

ಎಂಬತ್ತರ ಮುದುಕನನ್ನು ಅಳಿಸಿದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಪುಸ್ತಕ ಎತ್ತಿಕೊಂಡು ಹೊರಟೆ.

ಬಾಗಿಲಲ್ಲಿ ಅವನು ಕೇಳಿದ. “ಯೋರ್ಗೆನ್ ಹೆಂಡ್ತಿ, ಗುರಿನೆ, ಹೇಗಿದಾಳೆ? ಕಣ್ಣು ಪೂರ್ತಿ ಹೋಯ್ತಾ?”

“ಪೊರೆ ಬಂದಿದೆ. ನೆರಳು ಕಾಣುತ್ತಂತೆ.”

“ಒಳ್ಳೇದೇ ಆಯ್ತು,” ಎಂದ. ಯಾಕೆ ಒಳ್ಳೆಯದು ಎಂದು ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು.

ಬೇಕರಿಯ ಸಾಲಿನಲ್ಲಿ ನಿಂತು ಮೂರು ಬನ್ನು ಕೊಂಡೆ. ಸೂರ್ಯನ ದಿನ ಬರಿಗೈಯಲ್ಲಿ ಯಾರ ಮನೆಗೂ ಹೋಗುವ ಹಾಗಿಲ್ಲ. ಎಲ್ಲರೂ ದಕ್ಷಿಣಕ್ಕೆ ಮುಖ ಮಾಡಿ ನಿಂತಿದ್ದರು. ಹನ್ನೆರಡಕ್ಕೆ ಸರಿಯಾಗಿ ಬೆಟ್ಟದ ಸಂದಿಯಲ್ಲಿ ಕೆಂಪು ಅಂಚು ಮೂಡಿತು. ಜನ ಟೋಪಿ ತೆಗೆದರು. ಪ್ರತಿವರ್ಷ ನಾನೂ ತೆಗೆಯುತ್ತೇನೆ. ಈ ವರ್ಷ ಮರೆತೆ. ಕಣ್ಣ ಮುಂದೆ ಬೆಳಕಿತ್ತು, ತಲೆಯಲ್ಲಿ ಮಾತ್ರ ಮಧ್ಯಾಹ್ನವೇ ನಕ್ಷತ್ರ ಎಣಿಸುವ ಆ ಕತ್ತಲು ಕೂತಿತ್ತು.

ಕ್ವಾಲೆಯವರ ಮನೆ ನ್ಯೂಮೊನ ಬೀದಿಯ ಮೇಲಿನ ಏರಿನಲ್ಲಿದೆ. ಬಾಗಿಲಿಗೆ ಒಂದು ಚೀಟಿ ಸಿಕ್ಕಿಸಿತ್ತು. ‘ಹಾಲು ತರಲು ಹೋಗಿದ್ದೇನೆ, 12.17ಕ್ಕೆ ಬರುತ್ತೇನೆ. ಒಳಗೆ ಬನ್ನಿ. ಬೋರ್ಗಿಲ್ಡ್.’ ನಿಮಿಷ ಸಮೇತ ಬರೆಯುವವಳು ಈ ಊರಿನಲ್ಲಿ ಅವಳೊಬ್ಬಳೇ. ಅಂಚೆ ಕಚೇರಿಯ ಕೆಲಸದ ಗುಣ.

ಚೀಟಿಯ 7 ನನ್ನನ್ನು ಹಿಡಿದು ನಿಲ್ಲಿಸಿತು. ಸೊಂಟಕ್ಕೊಂದು ಅಡ್ಡ ಗೆರೆ, ಬಾಲಕ್ಕೊಂದು ಸುರುಳಿ. ಪುಸ್ತಕದ ತುಂಬ ಇದ್ದದ್ದೂ ಇದೇ 7. “ಇದು ನಮ್ಮಪ್ಪನ ಏಳು, ಸಾಹೇಬ್ರೇ, ರಕ್ತದಲ್ಲೇ ಬಂದಿದೆ,” ಎಂದು ಮೊದಲ ದಿನವೇ ಹೆಮ್ಮೆಯಿಂದ ತೋರಿಸಿದ್ದಳು. ನಾನೂ ತಲೆಯಾಡಿಸಿದ್ದೆ.

ರಕ್ತದಲ್ಲಿ ಅಕ್ಷರ ಬರುತ್ತದೆಯೆ? ‘ತೆರ್ನಾ’ ಹೊರಟದ್ದು ಜೂನ್‌ನಲ್ಲಿ. ಬೋರ್ಗಿಲ್ಡ್ ಹುಟ್ಟಿದ್ದು ನವೆಂಬರ್‌ನಲ್ಲಿ. ಅಪ್ಪನ ಕೈ ಹಿಡಿದು ಅವಳು ಒಂದು ಅಂಕಿಯನ್ನೂ ತಿದ್ದಿಲ್ಲ. ಹಾಗಾದರೆ ಆ ಏಳನ್ನು ಕಲಿಸಿದವರು ಯಾರು?

ನನ್ನ ಕಾಲು ಹೊಸ್ತಿಲಲ್ಲೇ ನಿಂತಿತು. ಒಳಗೆ ಹೋಗದೆ ತಿರುಗಿಬಿಡಲೇ ಎನ್ನಿಸಿತು. ಸತ್ಯ ಹೇಳುತ್ತೇನೆ, ಒಂದು ಗಳಿಗೆ ಹಾಗೆ ಮಾಡಬೇಕೆಂದೇ ಇದ್ದೆ.

“ಯಾರದು? ಆಂಡ್ರಿಯಾಸಾ?” ಎಂದಿತು ಒಳಗಿನಿಂದ ಮುದಿ ದನಿ. “ಕುಂಟ್ತಾ ಬರೋದು ಕೇಳುಸ್ತು. ಬಾ. ಬಾಗಿಲು ಹಾಕು, ಚಳಿ ಬರುತ್ತೆ.”

ಗುರಿನೆ ಕ್ವಾಲೆ ಅಡುಗೆಮನೆಯ ಕಿಟಕಿಯ ಪಕ್ಕ ಕೂತಿದ್ದಳು. ವಯಸ್ಸು ಎಪ್ಪತ್ತೈದು, ಬೆನ್ನು ಇನ್ನೂ ನೆಟ್ಟಗೆ. ಪೊರೆ ಬಂದಮೇಲೆ ಹೊರಗೆ ಹೋಗುವುದನ್ನು ಬಿಟ್ಟಿದ್ದಾಳೆ. ಶಿಲುಬೆಯ ಸುದ್ದಿ ಅಮ್ಮನ ಕಿವಿಗೆ ಬೀಳಬಾರದು ಎಂದು ಬೋರ್ಗಿಲ್ಡ್ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು.

“ಸೂರ್ಯ ಬಂದ್ನಾ?”

“ಬಂದ, ಅಮ್ಮ. ಬನ್ನು ತಂದಿದೀನಿ.”

“ಬೆಳಕು ಬಿತ್ತು ಅನ್ನುಸ್ತು ಕೆನ್ನೆ ಮೇಲೆ.” ಬನ್ನನ್ನು ಮೂಸಿ ನೋಡಿ ಪಕ್ಕಕ್ಕಿಟ್ಟಳು. “ಯಾಕೆ ಮಾತಾಡ್ತಿಲ್ಲ? ಹೋದ ಸಲ ಬಾಯಿ ಮುಚ್ಚಿರ್ಲಿಲ್ಲ ನೀನು.”

“ಯೋರ್ಗೆನ್ ಅವರ ಅಳತೆಗಳನ್ನ ನೀವು ನಕಲು ಮಾಡಿಕೊಡ್ತಿದ್ರಾ, ಅಮ್ಮ? ಅವರು ಹಡಗು ಹತ್ತೋ ಮೊದಲು?”

ಆ ಕೈಗಳು ಮಡಿಲಲ್ಲಿ ಒಂದರ ಮೇಲೊಂದು ಕೂತವು. “ಪ್ರತಿ ಸಂಜೆ. ಹವಾಮಾನ ಕಚೇರಿಗೆ ಕಳಿಸೋಕೆ ಇನ್ನೊಂದು ಪ್ರತಿ ಬೇಕಿತ್ತು. ಅವರ ಅಂಕಿ ನೋಡಿ ನೋಡಿ ನನ್ನ ಕೈ ಅವರದ್ದೇ ಆಗ್ಹೋಯ್ತು.”

ಹೊರಬಾಗಿಲು ತೆರೆಯಿತು. ಬೋರ್ಗಿಲ್ಡ್ ಹಾಲಿನ ಕ್ಯಾನು ಹಿಡಿದು, ಚಳಿಗೆ ಕೆಂಪಾದ ಮುಖ ಹೊತ್ತು ಬಂದಳು. ನನ್ನನ್ನು ಕಂಡದ್ದೇ ಅವಳ ಕಣ್ಣುಗಳು ಅರಳಿದವು.

“ಸಿಕ್ಕಿದ್ನಾ, ಸಾಹೇಬ್ರೇ? ಆ ಕಳ್ಳ ನನ್ಮಗ? ಹೆಸರು ಹೇಳಿ, ಹೋಗಿ ಮುಖಕ್ಕೆ ಉಗೀತೀನಿ. ನಮ್ಮಪ್ಪನ ಪುಸ್ತಕದಲ್ಲಿ ಕೈ ಆಡ್ಸೋಕೆ ಎಷ್ಟು ಕೊಬ್ಬು ಅವನಿಗೆ!”

ನಾನು ಬನ್ನಿನ ಪೊಟ್ಟಣ ನೋಡುತ್ತ ನಿಂತೆ.

“ಹೇಳು ಆಂಡ್ರಿಯಾಸ್,” ಎಂದಳು ಗುರಿನೆ ಮೆಲ್ಲಗೆ. “ಇಲ್ಲಾ ನಾನೇ ಹೇಳ್ಲಾ?”

ಕ್ಯಾನು ಬೋರ್ಗಿಲ್ಡಳ ಕೈಯಲ್ಲೇ ಉಳಿಯಿತು. “ಅಮ್ಮಾ?”

“ನಾನೇ ಬರೆದಿದ್ದು ಕಣೇ. ಇದೇ ಮೇಜಿನ ಮೇಲೆ. ನೀನು ತೊಟ್ಟಿಲಲ್ಲಿದ್ದೆ.” ಅವಳ ದನಿ ನಡುಗಲಿಲ್ಲ. “ಚಳಿಗಾಲ ಪೂರ್ತಿ ತುಂಬದಿದ್ರೆ ಅಚ್ಚು ಹಾಕಲ್ಲ ಅನ್ನೋದು ವಿಜ್ಞಾನಿಗಳ ಕಟ್ಟಲೆ. ಅರ್ಧ ಪುಸ್ತಕ ಕಪಾಟಲ್ಲಿ ಕೊಳೀತಿತ್ತು. ಅದಕ್ಕೋಸ್ಕರ ಸತ್ತ ಮನುಷ್ಯ. ನಂಗೆ ಸಹಿಸೋಕಾಗ್ಲಿಲ್ಲ. ಅವರು ಈ ಊರಲ್ಲಿ ಅಳೆದಿದ್ದ ಹಳೇ ಚಳಿಗಾಲದ ಅಂಕಿ ನೋಡ್ಕೊಂಡು, ಸ್ವಲ್ಪ ಸ್ವಲ್ಪ ಚಳಿ ಹೆಚ್ಚಿಸಿ ಬರ್ದೆ.”

“ಇಪ್ಪತ್ತೊಂದಕ್ಕೆ ಸೂರ್ಯ ಕಂಡ ಅಂತ ಬರೆದ್ರಿ,” ಎಂದೆ.

“ಬರ್ದೆ. ಅಲ್ಲಿ ಬರಲ್ವಾ?” ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. “ನಾನು ಈ ದ್ವೀಪ ಬಿಟ್ಟು ಹೋದವಳೇ ಅಲ್ಲ. ಆ ದಿನ ಸೂರ್ಯ ಬರದೇ ಇರೋ ಜಾಗ ಒಂದಿದೆ ಅಂತ ನಂಗೆ ಹೊಳೀಲೇ ಇಲ್ಲ.”

ಬೋರ್ಗಿಲ್ಡ್ ಕ್ಯಾನನ್ನು ನೆಲದ ಮೇಲಿಟ್ಟಳು. ಅಳುತ್ತಿದ್ದಳೋ, ಸಿಟ್ಟಾಗಿದ್ದಳೋ, ಅವಳಿಗೇ ತಿಳಿದಿರಲಿಲ್ಲ. ಅಪ್ಪನನ್ನು ಉಳಿಸಬೇಕಾದರೆ ಸೋಮವಾರ ಅಮ್ಮನನ್ನು ಎಲ್ಲರೆದುರು ಕಳ್ಳಿ ಎನ್ನಬೇಕು. ಅದನ್ನು ಅವಳ ಮುಖವೇ ಹೇಳುತ್ತಿತ್ತು.

“ಹೋಗ್ಲಿ,” ಎಂದಳು ಕೊನೆಗೆ, ಒರಟಾಗಿ. “ಗೆರೆ ಎಳೆದುಬಿಡಿ, ಸಾಹೇಬ್ರೇ. ಜನವರಿ ಮೂರರವರೆಗೆ ಅಪ್ಪ, ಅಲ್ಲಿಂದಾಚೆ ಅಮ್ಮ. ಮುಗೀತು.”

“ಮೂರಾ?” ಗುರಿನೆಯ ಹುಬ್ಬು ಗಂಟಾಯಿತು. “ಯಾವ ಮೂರು?”

ಬೋರ್ಗಿಲ್ಡ್ ಬಾಯಿಗೆ ಕೈ ಇಟ್ಟುಕೊಂಡಳು. ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ನಾನೇ ಹೇಳಿದೆ. “ಅವರ ಶಿಲುಬೆ ಸಿಕ್ಕಿದೆ, ಅಮ್ಮ. ಅದರ ಮೇಲೆ ಜನವರಿ ಮೂರು ಅಂತಿದೆ. ಕಪ್ತಾನರೂ ಒಪ್ಕೊಂಡ್ರು. ಮೂರಕ್ಕೇ ತೀರ್ಕೊಂಡ್ರಂತೆ.”

“ಸುಳ್ಳು.” ಅವಳು ಎದ್ದು ನಿಂತಿದ್ದಳು. “ನಾನು ಬರೆದಿದ್ದು ಇಪ್ಪತ್ತರಿಂದ. ಹಾರ್ಟ್‌ವಿಗ್ ಪುಸ್ತಕ ತಂದು ಕೊಟ್ಟಾಗ ಹತ್ತೊಂಬತ್ತರವರೆಗೂ ತುಂಬಿತ್ತು. ಹತ್ತೊಂಬತ್ತಕ್ಕೆ ಹೋದ ಅಂತ ಈ ಬಾಗಿಲಲ್ಲೇ ನಿಂತು ಹೇಳ್ದ. ಪೆನ್ಸಿಲ್ಲಲ್ಲಿ ಇರೋದೆಲ್ಲ ಅವರದ್ದೇ. ಶಾಯಿ ನನ್ನದು.”

ಹದಿನಾರು ದಿನದ ಪೆನ್ಸಿಲ್. ಒಲೆ ಉರಿಯುವ ಗುಡಿಸಲಿನಲ್ಲಿ ಶಾಯಿ ಗಡ್ಡೆ ಕಟ್ಟುವುದಿಲ್ಲ. ಒಲೆಗೆ ಸೌದೆ ಹಾಕಲು ಯಾರೂ ಇಲ್ಲದ ಗುಡಿಸಲಿನಲ್ಲಿ ಕಟ್ಟುತ್ತದೆ.

ಆ ಪೆನ್ಸಿಲ್ ಪುಟಗಳನ್ನು ಮತ್ತೆ ತೆರೆದೆ.

“ಅಳಿಸಿದ್ದು ಒಂದೇ ಒಂದು ಸಾಲು,” ಎಂದಳು ಗುರಿನೆ, ತಪ್ಪು ಒಪ್ಪಿಕೊಳ್ಳುವವಳ ಹಾಗೆ. “ಹತ್ತೊಂಬತ್ತರ ಷರಾ. ಅಲ್ಲಿ ಹವಾಮಾನ ಮಾತ್ರ ಬರೀಬೇಕಿತ್ತು, ಇದು ಹವಾಮಾನ ಅಲ್ಲ. ಬ್ರೆಡ್ಡಿನ ತಿರುಳಿಂದ ಉಜ್ಜಿದೆ. ಆದ್ರೆ ನಂಗೆ ಬಾಯಿಪಾಠ.”

ನಾನು ಆ ಪುಟವನ್ನು ಕಿಟಕಿಯ ದೀಪಕ್ಕೆ ಓರೆ ಹಿಡಿದೆ. ಪೆನ್ಸಿಲ್ ಅಳಿದಿದ್ದರೂ ಒತ್ತಿ ಬರೆದ ಗುರುತು ಕಾಗದದಲ್ಲಿ ಉಳಿದಿತ್ತು. ಅವಳು ಹೇಳುತ್ತ ಹೋದಳು, ನನ್ನ ಕಣ್ಣು ಅಕ್ಷರಗಳ ಮೇಲೆ ಅವಳ ಹಿಂದೆಯೇ ಹೋಯಿತು.

“‘ಕೊಲ್ಲಿಯ ಆಚೆ ಹಡಗಿನ ದೀಪ ಇವತ್ತೂ ಕಾಣಿಸುತ್ತಿದೆ.’”

ಜನವರಿ ಮೂರು ಕ್ವಾಲೆ ಸತ್ತ ದಿನವಲ್ಲ, ಉಳಿದ ನಾಲ್ವರು ಅವನನ್ನು ಜೀವಂತ ಬಿಟ್ಟು ಹೋದ ದಿನ. ಬೋರ್ಗಿಲ್ಡ್ ನನ್ನ ತೋಳು ಹಿಡಿದು ಕಿಟಕಿಯ ಕಡೆ ತಿರುಗಿಸಿದಳು.

ಕೆಳಗಿನ ಬೀದಿಯಲ್ಲಿ ನ್ಯೂಮೊನ ಮನೆಯ ನೀರಿನ ಕಡೆಯ ಕಿಟಕಿಯ ಹಲಗೆಗಳು ಕಿತ್ತು ಹಿಮದಲ್ಲಿ ಬಿದ್ದಿದ್ದವು. ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು. ಮುಂಬಾಗಿಲು ಹಾರುಹೊಡೆದಿತ್ತು. ಹೊಸ್ತಿಲಿನಿಂದ ಹೊರಟ ಒಂದೇ ಜೊತೆ ಹೆಜ್ಜೆ ಗುರುತುಗಳು ನೇರವಾಗಿ ದಡದ ಕಡೆ ಇಳಿದಿದ್ದವು.